ಪಿತ್ತಕೋಶದ ಕಲ್ಲು: ಪೂರ್ವಾನುಮತಿ ಬಂದರೆ ಹಣವೆಲ್ಲ ಬಂದಂತೆಯೇ?

ಪ್ರಶ್ನೆ:
ಮೂತ್ರದ ಸೋಂಕಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಮ್ಮನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಹೊಟ್ಟೆನೋವು ಅವರಿಗೆ ಎಂದೂ ಬಂದಿಲ್ಲ. ವೈದ್ಯರು ಮೂರು ನಿಮಿಷ ಮಾತನಾಡಿ, ತೆಗೆಸಿಬಿಡುವುದು ಒಳ್ಳೆಯದು ಎಂದರು. ಅಮ್ಮ ತಲೆಯಾಡಿಸಿದರು. ಹೊರಗೆ ಬಂದು ಕೇಳಿದರೆ ಅವರು ಮೂತ್ರಪಿಂಡದ ಕಲ್ಲು ಎಂದುಕೊಂಡಿದ್ದಾರೆ! ವಿಮೆಯ ಕೌಂಟರಿನಲ್ಲಿ 'ಪೂರ್ವಾನುಮತಿ ಬಂದಿದೆ, ಚಿಂತೆ ಬೇಡ' ಎನ್ನುತ್ತಾರೆ. ಪಾಲಿಸಿಯಲ್ಲಿ ಮಾತ್ರ 'ಸಹಪಾವತಿ ಶೇ 20' ಎಂದಿದೆ. ನಾವು ಕೈಯಿಂದ ಕೊಡಬೇಕಾದದ್ದು ಎಷ್ಟು? ಮುಂದಿನ ವಾರ ದಾಖಲಾಗಬೇಕು.

ಉತ್ತರ 1:
ಅನುಮತಿ ಸಿಕ್ಕಿರುವಾಗಲೇ ಮುಗಿಸಿಬಿಡಿ. ಆಮೇಲೆ ಪರದಾಡುವುದೇಕೆ?

ಉತ್ತರ 2:
ಹನ್ನೊಂದು ವರ್ಷ ಆಸ್ಪತ್ರೆಯೊಂದರ ವಿಮಾ ಮೇಜಿನ ಹಿಂದೆ ಕುಳಿತವಳು ನಾನು. 'ಚಿಂತೆ ಬೇಡ' ಎಂದು ನಾನೂ ಎಷ್ಟೋ ಜನರಿಗೆ ಹೇಳಿ ಸಾಗಹಾಕಿದ್ದೇನೆ. ಹಿಂದೆ ಸಾಲು ಬೆಳೆಯುತ್ತಿತ್ತು, ಅಷ್ಟೇ ಕಾರಣ.

ಪೂರ್ವಾನುಮತಿ ಎಂದರೆ ಅಂದಾಜು ಖರ್ಚಿಗೆ ಕಂಪನಿ ತಲೆದೂಗಿದೆ ಎಂದರ್ಥ. ನಿಜವಾದ ಲೆಕ್ಕ ನಡೆಯುವುದು ಕೊನೆಯ ಬಿಲ್ಲಿನ ಮೇಲೆ. ಬಿಲ್ಲು 100, ಅದರಲ್ಲಿ ಕಂಪನಿ ಒಪ್ಪಿದ್ದು 90 ಎಂದುಕೊಳ್ಳಿ. ಒಪ್ಪದ 10 ಪೂರ್ತಿ ನಿಮ್ಮದು. ಉಳಿದ 90ರ ಶೇ 20, ಅಂದರೆ 18, ಸಹಪಾವತಿ ಎಂಬ ಹೆಸರಿನಲ್ಲಿ ಅದೂ ನಿಮ್ಮದೇ. ಒಟ್ಟು 28. ಇಪ್ಪತ್ತನ್ನೇ ಎಣಿಸಿ ತಂದವರು ಬಿಡುಗಡೆಯ ದಿನ ನನ್ನ ಮೇಜನ್ನು ಗುದ್ದುತ್ತಿದ್ದರು, ಅವರದೇನೂ ತಪ್ಪಿರಲಿಲ್ಲ. ಯಾವ ಬಾಬತ್ತುಗಳು ವಿಮೆಗೆ ಸೇರುವುದಿಲ್ಲ ಎಂದು ಈಗಲೇ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಮಾತು. ವಿಮೆ ಒಪ್ಪಿತೆಂಬ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದಾಗುವುದಿಲ್ಲ. ನೋವು ಕೊಡದ ಪಿತ್ತಕಲ್ಲನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟು ಗಮನಿಸುತ್ತಾರೆ. ಬಹಳಷ್ಟು ಜನರಲ್ಲಿ ಅದು ಕೊನೆಯವರೆಗೂ ತೆಪ್ಪಗಿರುತ್ತದೆ. ಕಲ್ಲು ತೀರಾ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಯಲ್ಲಿ ದೋಷವಿದ್ದರೆ ಮಾತು ಬೇರೆ. ನಿಮ್ಮ ವೈದ್ಯರಿಗೆ ಅಂಥ ಕಾರಣ ಇದ್ದಿರಲೂಬಹುದು. 'ಈಗ ತೆಗೆಸದಿದ್ದರೆ ಏನಾಗುತ್ತದೆ?' ಎಂದು ಕೇಳಿ. ನೀವಲ್ಲ, ಅಮ್ಮನೇ ಕೇಳಲಿ. ಉತ್ತರವನ್ನು ಅವರೇ ತಮ್ಮ ಮಾತಿನಲ್ಲಿ ವೈದ್ಯರಿಗೆ ತಿರುಗಿ ಹೇಳಲಿ. ಮೂತ್ರಪಿಂಡದ ಗೊಂದಲ ಅಲ್ಲೇ ಹೊರಬೀಳುತ್ತಿತ್ತು.

ಉತ್ತರ 3:
ನಾನು ಶುಶ್ರೂಷಕಿ. ಕಾಯುವುದೆಂದು ತೀರ್ಮಾನವಾದರೂ ಬಲಪಕ್ಕೆಲುಬಿನ ಕೆಳಗೆ ಬಿಡದ ನೋವು, ಚಳಿಜ್ವರ, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು:
ನಿನ್ನೆ ಹೋಗಿದ್ದೆವು. ಅಮ್ಮ ಚೀಟಿ ನೋಡಿಕೊಂಡು ಕೇಳಿದರು. ವೈದ್ಯರು ಸ್ಕ್ಯಾನಿಂಗ್ ವರದಿಯನ್ನು ಮತ್ತೆ ತೆರೆದರು. ಒಂದೇ ಕಲ್ಲು, 8 ಮಿಲಿಮೀಟರ್, ಗೋಡೆ ಸರಿಯಾಗಿದೆ, ಕಾಯಬಹುದು ಎಂದರು. ಅದೇ ಚೀಟಿಯ ಹಿಂದೆ ಪಿತ್ತಕೋಶದ ಚಿತ್ರ ಬರೆದುಕೊಟ್ಟರು. ಅಮ್ಮ ಅದನ್ನು ಪಾಲಿಸಿಯ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ. ಬಂದ ಪೂರ್ವಾನುಮತಿಯನ್ನು ಏನು ಮಾಡುವುದು?

ಉತ್ತರ 2 ಬರೆದವರು:
ಆಸ್ಪತ್ರೆಯ ಮೂಲಕ ರದ್ದು ಮಾಡಿಸಿ, ರದ್ದಾದ ಪತ್ರ ಕೇಳಿ ಪಡೆಯಿರಿ. 'ಆಗಿದೆ, ಚಿಂತೆ ಬೇಡ' ಎಂದರೆ ಕದಲಬೇಡಿ.