ಸಿಯುಇಟಿ ಪಿಜಿ ಭೂಗೋಳ: ಸಿದ್ಧಾಂತಗಳೆಲ್ಲ ಕಲಸಿಹೋಗುತ್ತಿವೆ, ಹೇಗೆ ಓದಲಿ?

ಮುಧೋಳ_ಪುಣೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಮುಧೋಳದ ಹತ್ತಿರ. ಬಿ.ಎ. ಕನ್ನಡ ಮಾಧ್ಯಮದಲ್ಲಿ ಮುಗಿಸಿ ಈಗ ಪುಣೆಯ ವಾಕಡ್‌ನಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಎಂ.ಎ. ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿಗೆ ಓದುತ್ತಿದ್ದೇನೆ. ನದಿ, ಗಾಳಿ, ಬಂಡೆ ಎಲ್ಲ ತಲೆಯಲ್ಲಿ ನಿಲ್ಲುತ್ತದೆ. ಮಾನವ ಭೂಗೋಳ ಬಂದರೆ ಮಾತ್ರ ಕಷ್ಟ. ನಗರ ಹೇಗೆ ಬೆಳೆಯುತ್ತದೆ ಅಂತ ಬರ್ಜೆಸ್ ಹೇಳಿದ್ದನ್ನು ಹಾಯ್ಟ್ ಹೆಸರಿಗೆ ಬರೆಯುತ್ತೇನೆ. ಕ್ರಿಸ್ಟಾಲರ್‌ನ ಪೇಟೆ, ಹಳ್ಳಿ ಮಾದರಿಯ ಕೆ 3, ಕೆ 4, ಕೆ 7 ಪ್ರತಿ ಸಲ ಅದಲು ಬದಲು. ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ದಿನಾ ಬೆಳಗ್ಗೆ ಓದಿದರೂ ಮಾಕ್ ಟೆಸ್ಟ್‌ನಲ್ಲಿ ತಪ್ಪುತ್ತದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಅದೂ ಒಂದು ಭಯ. ತಪ್ಪಿಗೆ ಅಂಕ ಕಳೆಯುತ್ತಾರೆ ಅಂತ ಕಳೆದ ಮಾಕ್‌ನಲ್ಲಿ 20 ಪ್ರಶ್ನೆ ಮುಟ್ಟಲೇ ಇಲ್ಲ. ದಾರಿ ಹೇಳಿ.

ಡೊಂಬಿವಲಿ_ಮೇಷ್ಟ್ರು:
ನನ್ನ ವಿದ್ಯಾರ್ಥಿಗಳ ವಯಸ್ಸಿನವಳು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಮೊದಲು ಆ ಪಟ್ಟಿ ತೆಗೆದುಬಿಡು. ಅದರ ಜಾಗದಲ್ಲಿ ಮುಂಬೈ ನಕ್ಷೆ ಅಂಟಿಸು. ಬರ್ಜೆಸ್ 1925ರಲ್ಲಿ ಷಿಕಾಗೊ ನೋಡಿ ಉಂಗುರಗಳ ಮಾದರಿ ಕೊಟ್ಟ. ನಡುವೆ ವ್ಯಾಪಾರ, ಅದರ ಸುತ್ತ ಕಾರ್ಖಾನೆ ಮತ್ತು ಬಡವರ ಮನೆಗಳು, ಹೊರಗೆ ಹೋದಂತೆ ಉಳ್ಳವರು. ಇಲ್ಲಿ ಹಳೆಯ ವ್ಯಾಪಾರ ಕೇಂದ್ರ ಫೋರ್ಟ್‌ನಿಂದ ಉತ್ತರಕ್ಕೆ ಬಾ, ಲಾಲ್‌ಬಾಗ್, ಪರೇಲ್‌ನ ಬಟ್ಟೆ ಗಿರಣಿ ಮತ್ತು ಕಾರ್ಮಿಕರ ಸಾಲುಮನೆ ಚಾಳ್‌ಗಳು ಸಿಗುತ್ತವೆ. ಅಲ್ಲಿಯವರೆಗೆ ಬರ್ಜೆಸ್ ಸರಿ ಅನ್ನಿಸುತ್ತದೆ. ಆದರೆ ಮಲಬಾರ್ ಹಿಲ್? ದೊಡ್ಡ ಶ್ರೀಮಂತರು ಫೋರ್ಟ್‌ನ ಪಕ್ಕದಲ್ಲೇ ಇದ್ದಾರೆ, ಅಲ್ವಾ? ಪಶ್ಚಿಮಕ್ಕೆ ಹೋದರೆ ಸಮುದ್ರ, ಉಂಗುರ ಪೂರ್ತಿಯಾಗೋದೇ ಇಲ್ಲ. ಎಲ್ಲಿ ಹೊಂದುವುದಿಲ್ಲ ಅಂತ ಒಮ್ಮೆ ಕಂಡುಕೊಂಡರೆ ಆ ಮಾದರಿ ಮರೆಯುವುದಿಲ್ಲ.

ಹಾಯ್ಟ್ 1939ರಲ್ಲಿ ಉಂಗುರ ಬೇಡ, ಊರು ಸಾರಿಗೆ ದಾರಿಗುಂಟ ಹೋಳು ಹೋಳಾಗಿ ಬೆಳೆಯುತ್ತದೆ ಅಂದ. ಮುಂಬೈ ಲೋಕಲ್ ರೈಲಿನ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಲೈನ್‌ಗಳನ್ನು ನೆನೆಸಿಕೋ, ನಮ್ಮ ಡೊಂಬಿವಲಿ ಬೆಳೆದದ್ದೇ ರೈಲಿನ ಹಿಂದೆ. ಹ್ಯಾರಿಸ್ ಮತ್ತು ಉಲ್ಮನ್ 1945ರಲ್ಲಿ ಒಂದೇ ಊರಿಗೆ ಹಲವು ಕೇಂದ್ರ ಅಂದರು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ವಾಶಿ ಇದಕ್ಕೆ ಸರಿಯಾಗಿ ಕೂರುತ್ತವೆ. 1982ರ ಗಿರಣಿ ಮುಷ್ಕರ ಆದಮೇಲೆ ಒಂದೊಂದೇ ಗಿರಣಿ ಮುಚ್ಚಿ ಲೋವರ್ ಪರೇಲ್‌ನಲ್ಲಿ ಆಫೀಸು, ಮಾಲ್ ಬಂದದ್ದನ್ನೂ ಓದು. ಒಂದು ಬಳಕೆ ಹೋಗಿ ಇನ್ನೊಂದು ಆ ಜಾಗ ಹಿಡಿಯುವುದಕ್ಕೆ ಇನ್‌ವೇಶನ್ ಆಂಡ್ ಸಕ್ಸೆಶನ್ ಅನ್ನುತ್ತಾರೆ. ಇಂಥ ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದ ಪಕ್ಕದಲ್ಲಿ ಬರೆದಿಟ್ಟುಕೋ. ಭಾಷೆಯ ಭಯ ನೂರಿನ್ನೂರು ಪದಗಳಲ್ಲಿ ಮುಗಿಯುತ್ತದೆ.

ಕೋಥ್ರೂಡ್‌_ಅಕ್ಕ:
ಮೇಷ್ಟ್ರು ಹೇಳಿದ್ದು ನಿಜ, ಆದರೆ ಬರೀ ಉದಾಹರಣೆ ಸಾಲದು, ಲೆಕ್ಕಾನೂ ಬೇಕು. ಕೆ ಅಂದರೆ ಒಂದು ಪೇಟೆಯ ಪಾಲಿಗೆ ಅದೂ ಸೇರಿ ಎಷ್ಟು ಊರು ಬರುತ್ತವೆ ಅನ್ನೋ ಸಂಖ್ಯೆ. ಅದನ್ನು ಬಾಯಿಪಾಠ ಮಾಡಬೇಡಿ, ಷಟ್ಕೋನ ಬರೆಯಿರಿ. ನಡುವೆ ಒಂದು ಪೇಟೆ, ಸುತ್ತ ಆರು ಹಳ್ಳಿ. ಹಳ್ಳಿಗಳು ಮೂಲೆಯಲ್ಲಿದ್ದರೆ ಒಂದೊಂದನ್ನೂ ಮೂರು ಪೇಟೆಗಳು ಹಂಚಿಕೊಳ್ಳುತ್ತವೆ. ಆರರಲ್ಲಿ ಮೂರನೇ ಒಂದು ಪಾಲು ಅಂದರೆ 2, ಜೊತೆಗೆ ಪೇಟೆ 1, ಒಟ್ಟು 3. ಇದು ಮಾರುಕಟ್ಟೆ ತತ್ವ. ಹಳ್ಳಿಗಳು ಬದಿಯ ಮಧ್ಯದಲ್ಲಿದ್ದರೆ, ಅಂದರೆ ಎರಡು ಪೇಟೆ ಸೇರಿಸುವ ರಸ್ತೆಯ ಮೇಲೆ, ಹಂಚಿಕೊಳ್ಳುವವು ಎರಡೇ. 3 ಮತ್ತು 1, ಒಟ್ಟು 4. ರಸ್ತೆ ಬಂತಲ್ಲ, ಸಾರಿಗೆ ತತ್ವ. ಇನ್ನು ಆಡಳಿತ. ಒಂದು ಹಳ್ಳಿ ಅರ್ಧ ಮುಧೋಳ ತಾಲೂಕಿಗೆ, ಅರ್ಧ ಜಮಖಂಡಿಗೆ ಸೇರೋಕಾಗಲ್ಲ. ಆರಕ್ಕೆ ಆರೂ ಪೂರ್ತಿ ಒಂದೇ ಪೇಟೆಗೆ, 6 ಮತ್ತು 1, ಒಟ್ಟು 7.

ಕಾರ್ಖಾನೆ ಎಲ್ಲಿ ನಿಲ್ಲುತ್ತದೆ ಅಂತ ಹೇಳುವ ವೇಬರ್ ಸಿದ್ಧಾಂತ ನಿಮಗೆ ಇನ್ನೂ ಸುಲಭ, ನಿಮ್ಮೂರ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. 100 ಕೆಜಿ ಕಬ್ಬು ಅರೆದರೆ ಸಿಗುವ ಸಕ್ಕರೆ ಸುಮಾರು 10 ಕೆಜಿ. ಉಳಿದ ಭಾರವನ್ನು ಸುಮ್ನೆ ಪುಣೆವರೆಗೆ ಯಾರು ಹೊರುತ್ತಾರೆ? ಅದಕ್ಕೆ ಕಾರ್ಖಾನೆ ಕಬ್ಬಿನ ಹತ್ತಿರ. ಮಟೀರಿಯಲ್ ಇಂಡೆಕ್ಸ್, ಅಂದರೆ ಕಚ್ಚಾವಸ್ತುವಿನ ಭಾರವನ್ನು ತಯಾರಾದ ಸರಕಿನ ಭಾರದಿಂದ ಭಾಗಿಸಿದ್ದು, 1ಕ್ಕಿಂತ ಜಾಸ್ತಿ ಅಂದರೆ ಇಷ್ಟೇ ಅರ್ಥ.

ವಾಸ್ಕೋ_ಗದಗ:
ವಲಸೆಯ ಭಾಗ ಬಿಡಬೇಡಿ. ನಮ್ಮಪ್ಪ ಗದಗದಿಂದ ಮೊದಲು ಹುಬ್ಬಳ್ಳಿಗೆ ಬಂದು, ಅಲ್ಲಿಂದ ವಾಸ್ಕೋಗೆ ಬಂದರು. 1885ರಲ್ಲಿ ರಾವೆನ್‌ಸ್ಟೈನ್ ಹೇಳಿದ ಹಂತ ಹಂತದ ವಲಸೆ ಅದೇ. ಅವರ ಹಿಂದೆಯೇ ಮಾವಂದಿರೆಲ್ಲ ಬಂದರು, ಅದು ಸರಪಳಿ ವಲಸೆ. ಎರಡನ್ನೂ ಒಂದೇ ಅಂದುಕೊಂಡು ನಾನೂ ತಪ್ಪು ಮಾಡಿದ್ದೆ.

20 ಪ್ರಶ್ನೆ ಬಿಟ್ಟಿದ್ದು ಓದಿ ಬೇಜಾರಾಯಿತು. 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಸರಿಗೆ 4 ಅಂಕ, ತಪ್ಪಿಗೆ 1 ಕಳೆತ. ಎರಡು ಉತ್ತರ ತಪ್ಪು ಅಂತ ಖಚಿತವಾಗಿದ್ದು ಉಳಿದ ಎರಡರಲ್ಲಿ ಅನುಮಾನ ಇದೆ ಅಂದುಕೊಳ್ಳಿ. ಅಂಥ ಎರಡು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ, ಒಂದು ತಪ್ಪು. ಆಗಲೂ 3 ಅಂಕ ಉಳಿಯುತ್ತದೆ. ಅಂಥವನ್ನು ಬಿಡಲೇಬೇಡಿ.

ಮುಧೋಳ_ಪುಣೆ:
ಸರ್, ಅಕ್ಕ, ಅಣ್ಣ, ತುಂಬಾ ಧನ್ಯವಾದಗಳು. ಷಟ್ಕೋನ ಬರೆದು ನೋಡಿದೆ, 7 ಬಂದಾಗ ಖುಷಿಯಾಯಿತು. ಇನ್ನೊಂದು ಸಂಶಯ. ಊರಿನ ಸುತ್ತ ಯಾವ ಬೇಸಾಯ ಎಲ್ಲಿ ಅಂತ ಉಂಗುರಗಳಲ್ಲಿ ತೋರಿಸಿದ ಥೂನೆನ್, ಹಾಲು, ತರಕಾರಿ ಊರಿನ ಪಕ್ಕದಲ್ಲೇ ಇರಬೇಕು ಅನ್ನುತ್ತಾನೆ. ಪುಣೆಗೆ ಕೊಲ್ಹಾಪುರದ ಕಡೆಯಿಂದಲೂ ಹಾಲು ಬರುತ್ತದಲ್ಲ?

ಡೊಂಬಿವಲಿ_ಮೇಷ್ಟ್ರು:
ಅವನು ಬರೆದದ್ದು 1826ರಲ್ಲಿ. ಸಾಗಣೆಗೆ ಎತ್ತಿನ ಗಾಡಿ, ಕುದುರೆ ಗಾಡಿ ಮಾತ್ರ, ಹಾಲು ತಣ್ಣಗಿಡುವ ವ್ಯವಸ್ಥೆ ಇಲ್ಲ. ಎರಡನೇ ಉಂಗುರದಲ್ಲಿ ಕಾಡು ಇಟ್ಟದ್ದೂ ಅದಕ್ಕೇ. ಸೌದೆ ಭಾರ, ದೂರದಿಂದ ತರುವುದು ದುಬಾರಿ. ಈಗ ಟ್ಯಾಂಕರ್ ಮತ್ತು ಚಿಲ್ಲರ್ ಆ ಉಂಗುರಗಳನ್ನು ಹಿಗ್ಗಿಸಿವೆ. ಪರೀಕ್ಷೆಯಲ್ಲಿ ಎರಡನೇ ಉಂಗುರ ಯಾವುದು ಅಂತ ಕೇಳಿದರೆ ಧಾನ್ಯ ಅಂತ ಬರೆದು ಬರಬೇಡ, ಕಾಡು.