ಕಡಿಮೆ ಖರ್ಚಿನ ಕಂಪ್ಯೂಟರ್ ಜೋಡಣೆ: ರಾಯಚೂರು ಗುಂಪಿನ ಪ್ರಶ್ನೋತ್ತರ

ಸಿಂಧನೂರು ಸದಸ್ಯ: ಸರ್, ಮಗಳು ಪದವಿಗೆ ಸೇರಿದ್ದಾಳೆ. ಕೋಡಿಂಗ್, ಸ್ವಲ್ಪ ವಿಡಿಯೊ ಎಡಿಟಿಂಗ್ ಮಾಡಬೇಕು. ಮಾನಿಟರ್ ಇದೆ. ಯಾವ ಭಾಗಗಳನ್ನು ಕೊಳ್ಳಲಿ?

ರಿಪೇರಿ ಅಂಗಡಿ, ರಾಯಚೂರು: ಎಎಂಡಿ ಕಂಪನಿಯ ರೈಜೆನ್ 5 5600ಜಿ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 500 ಜಿಬಿ ಎನ್‌ವಿಎಂಇ (ಫೈಲ್ ಇಡುವ ವೇಗದ ಡಿಸ್ಕ್), 8 ಜಿಬಿಯ ಎರಡು ರ‍್ಯಾಮ್. 16ರ ಒಂದೇ ರ‍್ಯಾಮ್ ಬೇಡ. ಈ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ರ‍್ಯಾಮ್‌ನಿಂದಲೇ ಕಡ ಪಡೆಯುತ್ತದೆ, ಎರಡಿದ್ದರೆ ವೇಗ ಹೆಚ್ಚು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೇಡವೇ ಬೇಡ. 80 ಪ್ಲಸ್ (ಕರೆಂಟ್ ಕಡಿಮೆ ವ್ಯರ್ಥವಾಗುತ್ತದೆ ಎಂಬ) ಮುದ್ರೆಯ 450 ವ್ಯಾಟ್‌ನದು ಸಾಕು.

ಲಿಂಗಸುಗೂರು ಸದಸ್ಯ: ನಮ್ಮ ಬಿಸಿಲಿಗೆ ಎಎಂಡಿ ತಡೆಯುವುದಿಲ್ಲ. ಇಂಟೆಲ್ ಐ3 12100 ಹಾಕಿಸಿ.

ಗಂಗಾವತಿ ಸದಸ್ಯ: 5600ಜಿ 65 ವ್ಯಾಟ್, ನಿಮ್ಮ ಐ3 ಟರ್ಬೊದಲ್ಲಿ (ಪೂರ್ಣ ವೇಗದಲ್ಲಿ) 89. ವ್ಯಾಟ್ ಹೆಚ್ಚಾದರೆ ಬಿಸಿಯೂ ಹೆಚ್ಚು. ಓದಿ ಮಾತನಾಡಿ.

ರಿಪೇರಿ ಅಂಗಡಿ: 5600ಜಿ ಕೂಡ 88ರವರೆಗೆ ಎಳೆಯುತ್ತದೆ. ಒಂದು ವ್ಯಾಟಿಗೆ ಜಗಳ ಬೇಡ.

ಕುಷ್ಟಗಿ ಸದಸ್ಯ: ಹಳೆಯ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದೇ?

ಶಕ್ತಿನಗರ ಸದಸ್ಯ: ಹೊಸ ಸಿಸ್ಟಂ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಲೇ? ಸಾಕೆಟ್ ಎರಡು ಪಿನ್ನಿನದು, ಅಡಾಪ್ಟರ್ ಹಾಕಿದ್ದೇನೆ.

ಮಾನ್ವಿ ಸದಸ್ಯ: ಕ್ಯಾಬಿನೆಟ್ ಸ್ಕ್ರೂನಿಂದ ನ್ಯೂಟ್ರಲ್‌ಗೆ ವೈರ್ ಎಳೆಯಿರಿ, ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು.

ರಿಪೇರಿ ಅಂಗಡಿ: ಯಾರೂ ಹಾಗೆ ಮಾಡಬೇಡಿ. ಬೀದಿಯಲ್ಲೋ ಮೀಟರ್ ಬಳಿಯೋ ನ್ಯೂಟ್ರಲ್ ತುಂಡಾದರೆ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ಟಿಗೆ ಬಂದು ಕೂರುತ್ತದೆ. ಮುಟ್ಟಿದವರು ಉಳಿಯುವುದು ಅನುಮಾನ.
ಶಕ್ತಿನಗರದವರೇ, ಮೊದಲು ಪ್ಲಗ್ ಕೀಳಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅದರ ಕಬ್ಬಿಣದ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ತ್ ಇದ್ದರೆ ಸೋರಿದ ಕರೆಂಟ್ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ 115 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಸ್ಕ್ರೂಗೆ ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುವುದು ಅದಕ್ಕೇ. ಕರೆಂಟ್ ಅತ್ಯಲ್ಪ, ಆದರೂ ಟಿವಿಗೆ ಎಚ್‌ಡಿಎಂಐ ಚುಚ್ಚುವಾಗ ಪೋರ್ಟ್ ಸುಡಲು ಅಷ್ಟು ಸಾಕು. ಬರೀ ಸೋರಿಕೆಯೋ, ಒಳಗೆ ಷಾರ್ಟ್ ಆಗಿದೆಯೋ ಎಂಬುದು ಕೈಗೆ ತಿಳಿಯುವುದಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅರ್ತ್ ಇರುವ ಮೂರು ಪಿನ್ ಸಾಕೆಟ್ ಹಾಕಿಸಿ. ಅರ್ತ್ ಎಂದು ನಲ್ಲಿ ಪೈಪಿಗೆ ವೈರ್ ಸುತ್ತುವವನನ್ನು ವಾಪಸ್ ಕಳುಹಿಸಿ.

ದೇವದುರ್ಗ ಸದಸ್ಯ: ಕಡಿಮೆ ಬೆಲೆಗೆ ಒಳ್ಳೆಯ ಸಿಸ್ಟಂ ಹೇಳಿ ಸರ್.

ರಿಪೇರಿ ಅಂಗಡಿ: ಮೇಲೆ ಇದೆ.

ಮಾನ್ವಿ ಸದಸ್ಯ: ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿದರೆ ಆ ಹಣವೂ ಉಳಿಯುತ್ತದೆ.

ರಿಪೇರಿ ಅಂಗಡಿ: ಪ್ರೊಸೆಸರ್ ಬಿಸಿಗೆ ಅದು ಒಣಗಿ ಬಿರುಕು ಬಿಡುತ್ತದೆ. ಡಬ್ಬದಲ್ಲಿ ಬರುವ ಕೂಲರ್‌ಗೆ ಪೇಸ್ಟ್ ಹಚ್ಚಿಯೇ ಇರುತ್ತದೆ. ನೀವು ಹಲ್ಲುಜ್ಜಿ.

ಮಾನ್ವಿ ಸದಸ್ಯ: ಮರ್ಯಾದೆ ಕೊಟ್ಟು ಮಾತನಾಡಿ ಸರ್. ಸಹಾಯ ಮಾಡಲು ಬಂದವನು ನಾನು.

ಗಂಗಾವತಿ ಸದಸ್ಯ: ಆಗಲೇ ಒಬ್ಬರ ಜೀವ ತೆಗೆಯಲು ಹೊರಟಿದ್ದಿರಿ, ಅದೂ ಸಹಾಯವೇ?

ಲಿಂಗಸುಗೂರು ಸದಸ್ಯ: ನಿಮಗೆ ಎಲ್ಲರ ಮೇಲೂ ಏರಿ ಹೋಗುವ ಚಟ.

ಮಸ್ಕಿ ಸದಸ್ಯ: ನಿಮ್ಮ ಪಟ್ಟಿಯಂತೆ ರೈಜೆನ್ 5600 ತಂದು ಜೋಡಿಸಿದೆ. ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪು.

ರಿಪೇರಿ ಅಂಗಡಿ: ನಾನು ಬರೆದದ್ದು 5600ಜಿ. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಅದಕ್ಕೇ ಮಾನಿಟರ್ ಕಪ್ಪು. ಬದಲಿಸಿಕೊಡುತ್ತಾರೆಯೇ ಎಂದು ಕೊಂಡ ಅಂಗಡಿಯಲ್ಲಿ ಇಂದೇ ಕೇಳಿ.