ಭಾಗವತರ ಮಾತು-ಹಾಡು ಪಾಡ್‌ಕಾಸ್ಟ್ ಮಾಡ್ತಿದೀವಿ, ಯಾವ ಸಾಫ್ಟ್‌ವೇರ್ ಒಳ್ಳೇದು?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಬೆಂಗಳೂರಲ್ಲಿ, ಗೆಳತಿ ಶಿರಸಿ ಹತ್ರದ ಹಳ್ಳಿಯಲ್ಲಿ. ಅವಳು ಯಕ್ಷಗಾನದ ಹಿರಿಯ ಭಾಗವತರೊಬ್ಬರ ಮನೆಗೆ ಹೋಗಿ ಮಾತಾಡಿಸ್ತಾಳೆ, ನಾನು ಇಲ್ಲಿಂದ ಕಾಲ್‌ನಲ್ಲಿ ಸೇರ್ಕೋತೀನಿ. ಮೊದಲ ಕಂತನ್ನು ವಿಡಿಯೋ ಕಾಲ್‌ನಲ್ಲೇ ರೆಕಾರ್ಡ್ ಮಾಡಿದ್ವಿ. ಅವರು ಪದ್ಯ ಎತ್ತಿಕೊಂಡ ಕೂಡಲೇ ಶ್ರುತಿಪೆಟ್ಟಿಗೆ ದನಿ ಮಾಯ, ಹಾಡೂ ತುಂಡು ತುಂಡು. ರಿವರ್‌ಸೈಡ್, ಡಿಸ್ಕ್ರಿಪ್ಟ್, ಆಡಾಸಿಟಿ, ರೀಪರ್ ಅಂತ ನಾಲ್ಕು ಹೆಸರು ಕೇಳಿದೀನಿ. ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಸದ್ಯಕ್ಕಾಗಲ್ಲ. ಯಾವುದು ಹಿಡಿಯಲಿ?

ಉತ್ತರ: ನಮಸ್ಕಾರ ಮೇಡಂ. ಶ್ರುತಿ ಮಾಯವಾಗಿದ್ದಕ್ಕೆ ಕಾರಣ ಇದೆ. ಕಾಲ್ ಮಾಡೋ ಸಾಫ್ಟ್‌ವೇರ್‌ಗಳು ಮಾತನ್ನು ಉಳಿಸಿ, ಒಂದೇ ಸಮನೆ ಬರೋ ಸದ್ದನ್ನು ಫ್ಯಾನ್ ಸದ್ದು ಅಂದ್ಕೊಂಡು ಅಳಿಸುತ್ತವೆ. ಶ್ರುತಿಯೂ ಒಂದೇ ಸಮನೆ ಬರೋದೇ ಅಲ್ವಾ? ಹಾಗಾಗಿ ಕಾಲ್ ಇರೋದು ನೀವು ಪರಸ್ಪರ ಕೇಳಿಸಿಕೊಳ್ಳೋಕೆ ಮಾತ್ರ ಅಂತ ಇಟ್ಕೊಳ್ಳಿ. ರೆಕಾರ್ಡಿಂಗ್ ಅವರವರ ಜಾಗದಲ್ಲೇ ಆಗಬೇಕು.

ರಿವರ್‌ಸೈಡ್ ಮಾಡೋದೂ ಅದನ್ನೇ. ಆ ಕಡೆಯ ದನಿಯನ್ನು ಆ ಕಡೆಯ ಯಂತ್ರದಲ್ಲೇ ಹಿಡಿದು ಆಮೇಲೆ ಅಪ್‌ಲೋಡ್ ಮಾಡುತ್ತೆ. ನಡುವೆ ನೆಟ್ ತೊದಲಿದರೂ ದನಿ ಕೆಡಲ್ಲ. ಉಚಿತ ಖಾತೆಗೆ ಮಿತಿ ಇದೆ. ನಿಮಗೆ ಅದರ ಅಗತ್ಯವೂ ಇಲ್ಲ. ಗೆಳತಿ ಒಂದು ಫೋನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕಾಲ್‌ನಲ್ಲಿರಲಿ. ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಭಾಗವತರಿಂದ ಒಂದೂವರೆ ಗೇಣು ದೂರ ಇಟ್ಟು ವೇವ್ (WAV, ದನಿಯನ್ನು ಕುಗ್ಗಿಸದೆ ಇಡೋ) ಫೈಲಾಗಿ ರೆಕಾರ್ಡ್ ಮಾಡಲಿ. ಸೆಟ್ಟಿಂಗ್ 48 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ಚಾನೆಲ್) ಆದರೆ ಗಂಟೆಗೆ ಸುಮಾರು 345 ಎಂಬಿ ಆಗುತ್ತೆ, ಜಾಗ ನೋಡ್ಕೊಳ್ಳಿ. ನಿಮ್ಮ ದನಿ ನಿಮ್ಮ ಕಡೆ. ಎರಡೂ ರೆಕಾರ್ಡಿಂಗನ್ನು ಆಮೇಲೆ ಹೊಂದಿಸೋಕೆ ಶುರುವಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲೊಂದು. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡಲ್ಲ, ಗಂಟೆ ಕಳೆಯೋಷ್ಟರಲ್ಲಿ ಎಷ್ಟು ಸರಿದಿದೆ ಅನ್ನೋದು ಕೊನೆ ಚಪ್ಪಾಳೆಯಲ್ಲಿ ಕಾಣುತ್ತೆ.

ಇನ್ನೊಂದು ಮಾತು: ರೆಕಾರ್ಡಿಂಗ್ ಮಟ್ಟವನ್ನು ಮಾತಿನ ದನಿಗೆ ಹೊಂದಿಸಬೇಡಿ. ಮೊದಲೇ ಒಂದು ಪದ್ಯದ ಏರುದನಿ ಹಾಡಿಸಿ, ಅದು ಮೀಟರ್‌ನಲ್ಲಿ -6 ಡಿಬಿ (ಡೆಸಿಬೆಲ್) ದಾಟದ ಹಾಗೆ ಇಡಿ, 0 ದಾಟಿದರೆ ದನಿ ಒಡೆಯುತ್ತೆ. ಒಡೆದ ದನಿಯನ್ನು ಆಮೇಲೆ ಸರಿಯಾಗಿ ಜೋಡಿಸೋಕಾಗಲ್ಲ.

ಎಡಿಟಿಂಗ್‌ಗೆ ಆಡಾಸಿಟಿ ಸಾಕು. 2000ರಿಂದ ಉಚಿತವಾಗೇ ಸಿಗ್ತಿದೆ. ರೀಪರನ್ನು 60 ದಿನ ಬಳಸಿ ನೋಡಬಹುದು, ಸ್ವಂತ ಬಳಕೆಯ ಪರವಾನಗಿಗೆ 60 ಡಾಲರ್. ಟ್ರ್ಯಾಕ್‌ಗಳು (ಬೇರೆ ಬೇರೆ ದನಿಯ ಸಾಲುಗಳು) ಐದಾರು ದಾಟಿದ ದಿನ ಅದರ ಯೋಚನೆ ಮಾಡಿ. ಡಿಸ್ಕ್ರಿಪ್ಟ್‌ನಲ್ಲಿ ಮಾತು ಅಕ್ಷರವಾಗುತ್ತೆ, ಅಕ್ಷರ ಅಳಿಸಿದರೆ ದನಿಯೂ ಹೋಗುತ್ತೆ. ಆದರೆ ಹವ್ಯಕ ಕನ್ನಡ, ನಡುನಡುವೆ ಹಾಡು ಇರುವಾಗ ಅಕ್ಷರ ತಪ್ಪಿದರೆ ಕತ್ತರಿಯೂ ತಪ್ಪು ಜಾಗಕ್ಕೆ ಬೀಳುತ್ತೆ. ಹಾಗಾಗಿ ಅದನ್ನು ಬಳಸಿ ಅಂತ ನಿಮಗೆ ನಾನು ಹೇಳಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಆಡಾಸಿಟಿ ಹಾಕ್ಕೊಂಡೆ. ಆದ್ರೆ ಮಾತಿನ ನಡುವೆ ಕತ್ತರಿಸಿದ್ರೆ ಟಕ್ ಅಂತ ಸದ್ದು ಬರ್ತಿದೆ. ಹಿಂದೆ ಮಳೆ ಸದ್ದು ಬೇರೆ ಇದೆ.

ಉತ್ತರ: ಆಡುಮಾತಲ್ಲಿ ಪದಗಳ ನಡುವೆ ಬಿಡುವೇ ಇರಲ್ಲ ಮೇಡಂ. ‘ಬಂದಿದ್ದೇನಂದ್ರೆ’ ಅನ್ನೋದರಲ್ಲಿ ಎಲ್ಲಿ ಕತ್ತರಿ ಹಾಕ್ತೀರಿ? ಕ, ತ, ಪ ಬರೋ ಜಾಗ ಹುಡುಕಿ. ‘ಹತ್ತು’ ಅಂತ ಹೇಳಿ ನೋಡಿ, ‘ತ್ತು’ಗೆ ಮೊದಲು ನಾಲಿಗೆ ಒತ್ತಿದಾಗ ಉಸಿರು ಒಂದು ಕ್ಷಣ ನಿಲ್ಲುತ್ತೆ. ಪರದೆ ದೊಡ್ಡದು ಮಾಡಿದರೆ ಅಲೆ ಅಲ್ಲಿ ಸಪೂರ ಗೆರೆಯಾಗಿರುತ್ತೆ. ಅಲ್ಲಿ ಕತ್ತರಿಸಿದರೆ ಟಕ್ ಸದ್ದು ಬರಲ್ಲ.

ಮಳೆಗೆ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸೋ ಆಯ್ಕೆ) ಹಾಕೋದಾದರೆ ಯಾರೂ ಮಾತಾಡದ ಎರಡು ಸೆಕೆಂಡ್ ತೋರಿಸಿ, 6 ಡಿಬಿಗೆ ನಿಲ್ಲಿಸಿ. ಜಾಸ್ತಿ ಎಳೆದರೆ ಮೊದಲು ಸಾಯೋದು ಪದದ ಕೊನೆಯ ಸ್ವರ. ನಮ್ಮ ವಾಕ್ಯದ ಕೊನೆಗೆ ದನಿ ಇಳಿಯುತ್ತೆ, ‘ಹೇಳಿದ್ರು’ ಅನ್ನೋದು ‘ಹೇಳಿದ್ರ್’ ಆಗುತ್ತೆ. ಹಾಡಿನ ಭಾಗವನ್ನು ಮೊದಲೇ ಬೇರೆ ಟ್ರ್ಯಾಕ್‌ಗೆ ಎತ್ತಿಡಿ, ಅದರ ಮೇಲೆ ಇದನ್ನು ಹಾಕಲೇಬೇಡಿ. ಶ್ರುತಿ ಮತ್ತೆ ಹೋಗುತ್ತೆ. ಮಳೆ ಇದ್ದರೆ ಇರಲಿ ಬಿಡಿ, ಶಿರಸಿಯ ಮನೆ ತಾನೇ.

ಪ್ರಶ್ನೆ: ಹಾಡಿಗೂ ಮಾತಿಗೂ ದನಿ ವ್ಯತ್ಯಾಸ ತುಂಬಾ ಇದೆ ಸರ್, ಬಸ್ಸಲ್ಲಿ ಕೇಳೋರಿಗೆ ಮಾತೇ ಕೇಳಲ್ಲ.

ಉತ್ತರ: ಎರಡೂ ಬೇರೆ ಟ್ರ್ಯಾಕಲ್ಲಿ ಇರೋದರಿಂದ ಮಾತಿನದ್ದನ್ನು ಕೈಯಿಂದಲೇ ಏರಿಸಿ, ಹಾಡು ಸ್ವಲ್ಪ ಮೇಲೇ ಇರಲಿ. ಎಲ್ಲ ಕೂಡಿಸಿದ ಮೇಲೆ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ -16 ಎಲ್‌ಯುಎಫ್‌ಎಸ್ (ಕಿವಿಗೆ ದನಿ ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ) ಕೊಡಿ. ಮುಂದಿನ ಕಂತಿನ ಕಚ್ಚಾ ಫೈಲಿನ ಐದು ನಿಮಿಷ ಇಲ್ಲಿ ಹಾಕಿ, ಕೇಳಿ ಹೇಳ್ತೀನಿ.